ಹಿತ್ತಲ ದಿಬ್ಬಕ್ಕೆ ಬಂದ ಮಿಶಿನ್ನು

ಕ್ಯಾತನಹಳ್ಳಿಯ ದೇವರಾಜುವಿನ ಮನೆಯಲ್ಲಿ ಆ ವರ್ಷದ ವೈಶಾಖ ಪೂರ್ತಿ ಒಂದೇ ಮಾತು: ಹಿತ್ತಲ ದಿಬ್ಬವನ್ನು ಯಾರ ಕೈಯಲ್ಲಿ ಕಡಿಸುವುದು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಶುರುವಾದದ್ದು ಸಂಜೆ ಮುದ್ದೆ ಕಟ್ಟುವ ಹೊತ್ತಿಗೂ ಒಲೆಯ ಮುಂದೆ ಹಾಗೇ ಕೂತಿರುತ್ತಿತ್ತು.

ಮಗ ಕಿಶನ್‌ಗೆ ಮದುವೆ ಗೊತ್ತಾಗಿತ್ತು. ಹೆಣ್ಣು ನಾಗಮಂಗಲದ ಕಡೆಯದು. ಮಾತುಕತೆಯೆಲ್ಲ ಮುಗಿದು ಎಲೆ ಅಡಿಕೆ ಬದಲಾಯಿಸುವಾಗ ಹುಡುಗಿಯ ತಂದೆ ತಗ್ಗಿದ ದನಿಯಲ್ಲಿ ಒಂದೇ ಒಂದು ಕೇಳಿದ್ದರು. ಮಕ್ಕಳಿಬ್ಬರಿಗೂ ಅಂತ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಅದಕ್ಕೆ ಸೇರಿದಂತೆ ಒಂದು ಬಚ್ಚಲು. ದೇವರಾಜು ಹತ್ತು ಜನರ ಮುಂದೆ ಹೂಂ ಅಂದುಬಿಟ್ಟಿದ್ದ. ಮನೆಗೆ ಮುಂದೆ ಬೀದಿ, ಪಕ್ಕದಲ್ಲಿ ಓಣಿ. ಕಟ್ಟುವುದಾದರೆ ಹಿತ್ತಲಲ್ಲೇ ಕಟ್ಟಬೇಕು. ಹಿತ್ತಲಲ್ಲಿ ಆಳೆತ್ತರದ ದಿಬ್ಬ. ಅವನ ತಾತನ ಕಾಲದ ಮನೆ ಬಿದ್ದ ಮಣ್ಣು, ಮೂರು ತಲೆಮಾರಿನ ಒಲೆಯ ಬೂದಿ, ಕಲ್ಲು, ಒಡೆದ ಹೆಂಚು ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಅದನ್ನು ಕಡಿದು ಸಾಗಿಸಿ, ಪಾಯ ತೆಗೆದು, ಆಷಾಢ ಹುಟ್ಟುವುದರೊಳಗೆ ಮೊದಲ ಕಲ್ಲು ಕೂರಿಸಬೇಕು. ಆಷಾಢದಲ್ಲಿ ಯಾರೂ ಹೊಸ ಕೆಲಸಕ್ಕೆ ಗುದ್ದಲಿ ಮುಟ್ಟುವುದಿಲ್ಲ. ಶ್ರಾವಣದಲ್ಲಿ ಮದುವೆ.

ದೇವರಾಜುವಿನ ಮನಸ್ಸು ದಾಸಯ್ಯನ ಕಡೆಗಿತ್ತು. ದಾಸಯ್ಯ ಹತ್ತು ಆಳು ಕಟ್ಟಿಕೊಂಡು ಮಣ್ಣು ಕೆಲಸ ಮಾಡುವವನು. ಗದ್ದೆಯ ಬಾವಿ ತೋಡಿದವನೂ ಅವನೇ. ಗುದ್ದಲಿ, ಹಾರೆ, ಮಂಕರಿ ಇದ್ದರೆ ಸಾಕು, ಮೂರು ವಾರದಲ್ಲಿ ದಿಬ್ಬ ಇದ್ದ ಜಾಗದಲ್ಲಿ ಕಣ ಮಾಡಬಹುದು ಎಂದು ದೇವರಾಜುವಿನ ಲೆಕ್ಕ.

ಕಿಶನ್ ಶ್ರೀರಂಗಪಟ್ಟಣದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಅಲ್ಲಿ ರಸ್ತೆ ಪಕ್ಕದ ಬಯಲಿನಲ್ಲಿ ಚಲುವರಾಜು ಎಂಬಾತ ಮಣ್ಣು ತೆಗೆಯುವ ಮಿಶಿನ್ನುಗಳನ್ನು ಇಟ್ಟುಕೊಂಡು ಬಾಡಿಗೆಗೆ ಬಿಡುತ್ತಿದ್ದ. ಕಿಶನ್ ಎರಡು ಸಂಜೆ ಬಸ್ಸು ತಪ್ಪಿಸಿಕೊಂಡು ಅವನ್ನೆಲ್ಲ ನೋಡಿ ಬಂದಿದ್ದ. ಊಟಕ್ಕೆ ಕೂತಾಗ ಒಂದೊಂದಾಗಿ ವಿವರಿಸಿದ. ಮುಂದೆ ಬ್ಲೇಡು ಕಟ್ಟಿದ ಟ್ರಾಕ್ಟರು ಒಂದು. ಅದು ಮಣ್ಣು ತಳ್ಳುತ್ತದೆ, ಓಣಿಯಲ್ಲೇ ನುಗ್ಗುತ್ತದೆ, ಬಾಡಿಗೆ ಕಮ್ಮಿ. ಎರಡನೆಯದು ಹಳದಿ ಜೆಸಿಬಿ. ಮುಂದೆ ಅಗಲ ಬಾಯಿ, ಹಿಂದೆ ಉದ್ದನೆಯ ಕೈ, ನಾಲ್ಕು ದೊಡ್ಡ ಚಕ್ರ. ಮೂರನೆಯದು ಚೈನಿನ ಮೇಲೆ ಹೋಗುವಂಥದ್ದು, ಅದನ್ನು ಲಾರಿ ಮೇಲೆ ಹೇರಿಕೊಂಡು ತರಬೇಕು, ಅದರ ಮಾತೇ ಬೇಡ. ತನಗೆ ಟ್ರಾಕ್ಟರೇ ಸರಿ ಕಾಣುತ್ತದೆ ಅಂದ.

ಗೋಡೆಗೊರಗಿ ಕೂತು ಉಪ್ಪೆಸರಿಗೆ ಮುದ್ದೆ ಅದ್ದುತ್ತಿದ್ದ ಚಿಕ್ಕಬೋರಮ್ಮ ತಲೆಯೆತ್ತಿದಳು. ಆಕೆ ದೇವರಾಜುವಿನ ತಾಯಿ. ಎಂಬತ್ತು ದಾಟಿದೆ ಎಂದು ಆಕೆ ಅನ್ನುತ್ತಾಳೆ, ಇನ್ನೂ ಇಲ್ಲ ಎಂದು ಮಗ ಅನ್ನುತ್ತಾನೆ.

"ಆ ಉದ್ದ ಕೈ ಐತಲ್ಲ, ಅದು ಬಂದ್ರೆ ಜನ ನೋಡಕ್ಕೆ ಬತ್ತಾರೇನ್ಲಾ ಕಿಸ್ನ?"

"ಬರ್ದೆ ಇರ್ತಾರಾ ಅಜ್ಜಿ? ಪಾಂಡವಪುರ್ದಲ್ಲಿ ಚರಂಡಿ ತೆಗಿಯಕ್ಕೆ ಬಂದಿದ್ದಾಗ ಅಂಗ್ಡಿ ಬಾಗ್ಲು ಎಳ್ಕಂಡು ಬಂದು ನಿಂತಿದ್ರು."

ಚಿಕ್ಕಬೋರಮ್ಮ ಇನ್ನೊಂದು ತುತ್ತು ಮುರಿದಳು.

ಹಿತ್ತಲಿನ ಎಡಕ್ಕೆ ಏಳಡಿ ಎತ್ತರದ ಮಣ್ಣಿನ ಗೋಡೆ. ಆಚೆ ಆಕೆಯ ಕಿರಿಯ ಮಗ ತಿಮ್ಮರಾಜುವಿನ ಹಿತ್ತಲು, ಅದರಾಚೆ ಅವನ ಮನೆ. ಎಂಟು ವರ್ಷದ ಹಿಂದೆ ಪಾಲಾದಾಗ ಎದ್ದ ಗೋಡೆ ಅದು. ಪಾಲಿನ ದಿನ ಜಗಳ ಹತ್ತಿದ್ದು ಟ್ರಾಕ್ಟರಿಗೆ. ಓಡಿಸುವವನು ತಾನು, ಆದ್ದರಿಂದ ತನಗೇ ಬರಬೇಕು ಎಂದು ತಿಮ್ಮರಾಜು. ಅದಕ್ಕೆ ಕಟ್ಟಿದ ಮೊದಲ ದುಡ್ಡು ನನ್ನ ಒಡವೆ ಮಾರಿದ್ದು ಎಂದು ಚಿಕ್ಕಬೋರಮ್ಮ ಐದು ಜನ ಪಂಚರ ಮುಂದೆ ಅಂದಳು. ಒಡವೆಯ ಲೆಕ್ಕ ಹೇಳುವವಳು ನನ್ನ ಮನೆಗೆ ಬರುವುದು ಬೇಡ ಎಂದು ಅವನು ಅಂದ. ಆಕೆ ಮನೆದೇವರ ದೀಪದ ಮೇಲೆ ಕೈಯಿಟ್ಟು, ನಿನ್ನ ಹೊಸಿಲು ತುಳಿಯುವುದಿಲ್ಲ ಅಂದಳು. ಟ್ರಾಕ್ಟರು ತಿಮ್ಮರಾಜುವಿಗೇ ಹೋಯಿತು. ತಾಯಿ ದೇವರಾಜುವಿನ ಮನೆಯಲ್ಲಿ ಉಳಿದಳು.

ಎರಡು ವರ್ಷದ ಹಿಂದೆ ಆ ಟ್ರಾಕ್ಟರು ಕಬ್ಬು ತುಂಬಿಕೊಂಡು ನಾಲೆ ಏರಿಯ ಮೇಲೆ ಮಗುಚಿತು. ತಿಮ್ಮರಾಜುವಿನ ಸೊಂಟ, ಬಲಗಾಲು ಎರಡೂ ಹೋದವು. ಆಸ್ಪತ್ರೆಯ ಹೊಸಿಲು ಅವನದಲ್ಲವಲ್ಲ, ಚಿಕ್ಕಬೋರಮ್ಮ ಮೈಸೂರಿಗೆ ಹೋಗಿ ಅವನ ಮಂಚದ ಎದುರಿಗೆ ಒಂದು ಮಧ್ಯಾಹ್ನವೆಲ್ಲ ನಿಂತು ಬಂದಳು. ಅವನು ಗೋಡೆ ಕಡೆ ತಿರುಗಿ ಮಲಗಿದವನು ಈ ಕಡೆ ತಿರುಗಲಿಲ್ಲ. ಊರಿಗೆ ಬಂದ ಮೇಲೆ ಊರುಗೋಲು ಹಿಡಿದು ಮನೆಯೊಳಗೆ ನಡೆಯುತ್ತಾನೆ, ಹೊರಗೆ ಮುಖ ತೋರಿಸುವುದಿಲ್ಲ. ಟ್ರಾಕ್ಟರನ್ನು ಹೆಂಡತಿ ದೊಡ್ಡತಾಯಮ್ಮ ಮಾರಿದಳು. ಅವನು ಒಳಗೆ ಕೆಮ್ಮಿದರೆ ಗೋಡೆಯ ಈಚೆಗೆ ಕೇಳುತ್ತದೆ. ಚಿಕ್ಕಬೋರಮ್ಮ ದಿನಾ ಅಲ್ಲೇ ಕೂತು ಅವರೆಕಾಳು ಬಿಡಿಸುತ್ತಾಳೆ, ಅಕ್ಕಿ ಆರಿಸುತ್ತಾಳೆ. ಸಾಯುವುದರೊಳಗೆ ಅವನು ಒಂದು ಸಲ ನನ್ನ ಕಡೆ ತಿರುಗಬೇಕು ಎಂದು ಮೊಮ್ಮಗಳು, ದೇವರಾಜುವಿನ ಮಗಳು ಪವಿತ್ರಳಿಗೆ ಹೇಳಿದ್ದಳು. ಹೇಳಿದ್ದು ಒಂದೇ ಸಲ, ತಲೆ ಬಾಚಿಸಿಕೊಳ್ಳುವಾಗ.

ಮಾರನೆಯ ದಿನ ದಾಸಯ್ಯ ದಿಬ್ಬ ನೋಡಲು ಬಂದ. ಹತ್ತಲು ಕಾಲೆತ್ತಿದ್ದಾನೆ, ಹಿತ್ತಲ ಬಾಗಿಲಿನಿಂದ ಚಿಕ್ಕಬೋರಮ್ಮ ತಡೆದಳು.

"ದಾಸಯ್ಯ, ಅಲ್ಲಿ ಕಾಲಿಡ್ಬ್ಯಾಡ. ಕೆಳಗಡೆ ಹಗೇವು ಐತೆ."

ಹಗೇವು ಎಂದರೆ ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಎರಡಾಳುದ್ದದ ಗುಂಡಿ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು ಎಂಬುದು ದಾಸಯ್ಯನಿಗೂ ಗೊತ್ತು. ಚಿಕ್ಕಬೋರಮ್ಮ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ನಡೆದದ್ದನ್ನು ಹೇಳಿದಳು. ಒಬ್ಬ ಇಳಿದನಂತೆ, ಮಾತಿಲ್ಲ. ಅವನನ್ನು ಎತ್ತಲು ಅವನ ತಮ್ಮ ಇಳಿದನಂತೆ, ಅವನಿಗೂ ಮಾತಿಲ್ಲ. ಮೇಲೆ ನಿಂತವರು ಹಗ್ಗ ಹಿಡಿದುಕೊಂಡು ಹೆಸರು ಕೂಗಿ ಕೂಗಿ, ಕೊನೆಗೆ ಹಗ್ಗ ಬಿಟ್ಟರಂತೆ.

ಪವಿತ್ರ ಈ ಕತೆಯನ್ನು ಚಿಕ್ಕಂದಿನಿಂದ ಹತ್ತಾರು ಸಲ ಕೇಳಿದ್ದಳು. ಯಾವಾಗಲೂ ಅದು ನಡೆದಿದ್ದು ಅಜ್ಜಿಯ ತವರು ಬೂಕನಕೆರೆಯಲ್ಲಿ. ಇವತ್ತು ಹಗೇವು ಕ್ಯಾತನಹಳ್ಳಿಗೆ ಬಂದಿತ್ತು.

"ನಾನು ಉಟ್ಟಿ ಐವತ್ನಾಕು ವರ್ಸಾಯ್ತು," ಅಂದ ದೇವರಾಜು. "ಹಗೇವು ಐತೆ ಅಂತ ಒಂದಿನಾನೂ ಅಂದಿಲ್ವಲ್ಲವ್ವ."

"ನೀನು ದಿಬ್ಬ ಕಡಿತೀನಿ ಅಂತ ಒಂದಿನಾನೂ ಅಂದಿರ್ಲಿಲ್ವಲ್ಲಪ್ಪ."

ದಾಸಯ್ಯ ಎತ್ತಿದ್ದ ಕಾಲನ್ನು ಹಿಂದಕ್ಕೆ ಇಟ್ಟಿದ್ದ. ಎಲ್ಲಿದೆ ಎಂದು ಗೊತ್ತಿಲ್ಲದ ಹಗೇವಿನ ಮೇಲೆ ತನ್ನ ಆಳುಗಳನ್ನು ನಿಲ್ಲಿಸುವುದಿಲ್ಲ ಅಂದ. ಮೇಲಿನ ಮಣ್ಣನ್ನು ಮಿಶಿನ್ನಲ್ಲಿ ತೆಗೆಸಿಕೊಂಡು ಕರೆಯಿರಿ, ಪಾಯದ ಕೆಲಸಕ್ಕೆ ಬರುತ್ತೇನೆ ಎಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋದ.

ಭಾನುವಾರ ಕಿಶನ್ ಟ್ರಾಕ್ಟರಿನವನನ್ನು ಕರೆದುಕೊಂಡು ಬಂದ. ಅವನು ದಿಬ್ಬದ ಸುತ್ತ ಎರಡು ಸುತ್ತು ಹಾಕಿ, ಕೆಳಗಿನಿಂದ ತಳ್ಳಲಾಗುವುದಿಲ್ಲ, ಹಿಂಬದಿಯಿಂದ ಮೇಲೆ ಹತ್ತಿಸಿಕೊಂಡು ಈ ಕಡೆಗೆ ತಳ್ಳುತ್ತಾ ಬರಬೇಕು ಅಂದ. ಚಿಕ್ಕಬೋರಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತದೆ, "ಇಷ್ಟು ಓರೆಗೆ ಟ್ರಾಕ್ಟ್ರು ಅತ್ತುಸ್ತೀಯೇನಪ್ಪ?" ಎಂದು ಕೇಳಿದಳು.

ಎಲ್ಲರೂ ಎಡಗಡೆಯ ಗೋಡೆ ನೋಡಿ, ನೋಡಲಿಲ್ಲ ಎನ್ನುವಂತೆ ಬೇರೆ ಕಡೆ ತಿರುಗಿದರು. ಟ್ರಾಕ್ಟರಿನವನಿಗೂ ನಾಲೆ ಏರಿಯ ವಿಷಯ ಗೊತ್ತಿತ್ತು. ಕಾಫಿ ಕುಡಿದು ಅವನೂ ಹೋದ.

ಉಳಿದದ್ದು ಉದ್ದ ಕೈಯ ಮಿಶಿನ್ನು. ದೂರ ನಿಂತೇ ಕೈಚಾಚಿ ಕೀಳುತ್ತದೆ, ಮೇಲೆ ಹತ್ತಬೇಕಿಲ್ಲ. ಬಾಡಿಗೆ ಗಂಟೆಯ ಲೆಕ್ಕ. ಹೋಗಿ ಬರುವುದಕ್ಕೂ ಸೇರಿಸಿ ಎರಡು ದಿನ ಎಂದು ಚಲುವರಾಜು ಒಪ್ಪಿದ. ಆದರೆ ದಾರಿ ಎಂಟಡಿಗೆ ಕಮ್ಮಿ ಇರಬಾರದು ಎಂದು ಕಿಶನ್ ಹತ್ತಿರ ಎರಡು ಸಲ ಹೇಳಿ ಕಳಿಸಿದ್ದ. ಪವಿತ್ರ ಬಾವಿ ಹಗ್ಗ ತೆಗೆದುಕೊಂಡು ಓಣಿ ಅಳೆದಳು. ಏಳಡಿ, ಅದರ ಮೇಲೆ ಒಂದು ಗೇಣು. ಓಣಿಯ ಎರಡೂ ಕಡೆ ಇರುವುದು ಮನೆಗಳ ಗೋಡೆ, ಒಡೆಯುವಂತಿಲ್ಲ.

ಇನ್ನೊಂದು ದಾರಿ ಇತ್ತು. ತಿಮ್ಮರಾಜುವಿನ ಹಿತ್ತಲು ಹಿಂದಿನ ಗಾಡಿದಾರಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಬಂದು, ನಡುವಿನ ಮಣ್ಣಿನ ಗೋಡೆಯನ್ನು ಹತ್ತಡಿ ಒಡೆದರೆ ಮಿಶಿನ್ನು ನೇರ ದಿಬ್ಬದ ಮುಂದೆ ನಿಲ್ಲುತ್ತದೆ. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವನು ಕಿಶನ್. ಅವನ ತಾಯಿ ಬೈರಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

ಎಂಟು ವರ್ಷದಿಂದ ತಾನು ಆ ಮನೆಯ ಬೆಂಕಿ ಕೂಡ ಕೇಳಿಲ್ಲ ಎಂದು ಶುರುಮಾಡಿದವಳು ಎಮ್ಮೆ ಹಾಲು ಕರೆಯುವ ಹೊತ್ತಿನವರೆಗೂ ನಿಲ್ಲಿಸಲಿಲ್ಲ. ಪಾಲಿನ ದಿನ ದೊಡ್ಡತಾಯಮ್ಮ ತನ್ನನ್ನು ಏನೇನು ಅಂದಳು, ಅದಾದ ಮೇಲೆ ಕೊಳದ ಹತ್ತಿರ ಏನಂದಳು, ಕೋಳಿ ಈಚೆಗೆ ಹಾರಿಬಂದಾಗ ಏನಂದಳು ಎಲ್ಲ ಬಂತು.

"ನನ್ ಮಗನ್ ಮದ್ವೆಗೆ ಅವ್ಳ ಮುಂದೆ ಹೋಗಿ ಸೆರಗೊಡ್ಬೇಕಾ? ಬ್ಯಾಡ. ಆ ಹುಡ್ಗಿ ನಡುಮನೇಲೇ ಮಲೀಕಳ್ಲಿ."

"ನಾನು ಮಾತು ಕೊಟ್ಟಿವ್ನಿ ಕಣೆ," ಅಂದ ದೇವರಾಜು.

"ಕೊಟ್ಟೋರು ಹೋಗಿ ಕೇಳ್ಕಳಿ."

ಅದು ಅವನಿಂದಲೂ ಆಗದ ಕೆಲಸ. ಮೂರು ದಿನ ಮನೆಯಲ್ಲಿ ಊಟಕ್ಕೆ ಎಬ್ಬಿಸುವ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಬೈರಮ್ಮ ಬೆಳಿಗ್ಗೆಯೂ ಸಂಜೆಯೂ ಹುಚ್ಚೆಳ್ಳು ಚಟ್ನಿಯನ್ನೇ ಬಡಿಸಿದಳು. ಕಿಶನ್ ಶ್ರೀರಂಗಪಟ್ಟಣದಿಂದ ತಡವಾಗಿ ಬರತೊಡಗಿದ.

ಆ ಮೂರರಲ್ಲಿ ಒಂದು ದಿನ ಮಧ್ಯಾಹ್ನ ಪವಿತ್ರ ಅಜ್ಜಿಯ ಪಕ್ಕ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಹಿತ್ತಲಲ್ಲಿ ಬೇರೆ ಯಾರೂ ಇರಲಿಲ್ಲ.

"ಅಜ್ಜಿ, ಹಗೇವು ಇರೋದು ಬೂಕನಕೆರೇಲಲ್ವಾ?"

ಚಿಕ್ಕಬೋರಮ್ಮ ಒಂದು ಬೀಜ ಕಿತ್ತು ಮಡಕೆಗೆ ಹಾಕಿದಳು. ಇನ್ನೊಂದು ಕಿತ್ತಳು.

"ನಿನ್ ಚಿಕ್ಕಪ್ಪ ಆರ್ವರ್ಸದೋನಿದ್ದಾಗ," ಅಂದಳು, "ರಸ್ತೆಗೆ ಜಲ್ಲಿ ಅರಿಯೋ ರೋಲರ್ರು ಬಂದಿತ್ತು. ಬೆಳಿಗ್ಗೆ ಹೋದೋನು ಬರ್ಲಿಲ್ಲ. ಹುಡಿಕ್ಕಂಡು ಹೋದ್ರೆ ಚಿನಕುರಳಿತಾವ ಅದ್ರಿಂದೆ ನಡ್ಕಂಡು ಹೋಗ್ತಾವ್ನೆ. ಅನ್ನ ಇಲ್ಲ, ನೀರಿಲ್ಲ. ಬೆನ್ಮೇಲೆ ಎರಡು ಕೊಟ್ಟು ಎಳ್ಕಂಡು ಬಂದೆ. ಮಾರ್ನೆ ದಿನ ಮತ್ತೆ ಹೋಗಿದ್ದ."

"ಅದಕ್ಕೇನಾ ದೊಡ್ ಮಿಶಿನ್ನು?"

"ಮಂಕರಿ ಹೊರೋದ ನೋಡಕ್ಕೆ ಯಾವನಾದ್ರೂ ಎದ್ದು ಬತ್ತಾನಾ? ನಿಮ್ಮಪ್ಪನ್ ಕೈಲಿ ಅಂದೀಯ ಮತ್ತೆ."

ಪವಿತ್ರ ಅಪ್ಪನ ಹತ್ತಿರ ಹೇಳಲಿಲ್ಲ. ಆದರೆ ಅದೇ ಸಂಜೆ ಡೇರಿಗೆ ಹಾಲು ಒಯ್ದವಳು ದಾಸಯ್ಯನ ಮನೆಯ ಮುಂದೆ ನಿಂತು, ಚಿಕ್ಕವ್ವ ದೊಡ್ಡತಾಯಮ್ಮನನ್ನು ಕೇಳಲು ನೀವೇ ಆಗಬೇಕು ಅಂದಳು. ದಾಸಯ್ಯ ಎರಡೂ ಮನೆಯ ಬಾವಿ ತೋಡಿದವನು, ಎರಡೂ ಮನೆಯಲ್ಲಿ ಉಂಡವನು.

ದೊಡ್ಡತಾಯಮ್ಮ ಗಂಡ ಬಿದ್ದ ಮೇಲೆ ಗದ್ದೆ, ಎಮ್ಮೆ, ಡೇರಿ ಎಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದವಳು. ದಾಸಯ್ಯನ ಮಾತನ್ನು ಎಮ್ಮೆಗೆ ಹುಲ್ಲು ಹಾಕುತ್ತಲೇ ಕೇಳಿಸಿಕೊಂಡಳು. ಆಗುವುದಿಲ್ಲ ಅನ್ನಲಿಲ್ಲ. ಷರತ್ತು ಹೇಳಿದಳು. ನುಗ್ಗೆಮರಕ್ಕೆ ಮಿಶಿನ್ನು ತಾಕಬಾರದು. ಬಟ್ಟೆ ಒಗೆಯುವ ಕಲ್ಲು ಅಲುಗಬಾರದು. ಕೆಲಸ ಮುಗಿದ ಎಂಟು ದಿನಕ್ಕೆ ಗೋಡೆ ಇದ್ದಷ್ಟೇ ಎತ್ತರಕ್ಕೆ ಏಳಬೇಕು, ಅದೂ ಮಣ್ಣಲ್ಲಲ್ಲ, ಇಟ್ಟಿಗೆಯಲ್ಲಿ. ಇದಕ್ಕೆಲ್ಲ ಬಾವ ಒಪ್ಪಿದರೆ ತನ್ನದೇನೂ ಇಲ್ಲ.

"ತಿಮ್ಮರಾಜಪ್ಪ ಏನಂತಾರೆ?" ಎಂದು ದಾಸಯ್ಯ ಕೇಳಿದನಂತೆ.

"ಅವ್ರು ಎರಡು ವರ್ಸದಿಂದ ಏನೂ ಅಂದಿಲ್ಲ," ಎಂದಳಂತೆ ದೊಡ್ಡತಾಯಮ್ಮ.

ದೇವರಾಜು ಒಪ್ಪಿದ. ಬೈರಮ್ಮ ಒಪ್ಪಿದೆ ಅನ್ನಲಿಲ್ಲ, ಆದರೆ ಆ ದಿನ ಸೊಪ್ಪಿನ ಸಾರು ಮಾಡಿದಳು.

ಜ್ಯೇಷ್ಠದ ಒಂದು ಬುಧವಾರ ಗುದ್ದಲಿ ಪೂಜೆಯಾಯಿತು. ದಿಬ್ಬದ ಮೂಲೆಯಲ್ಲಿ ದಾಸಯ್ಯ ಮೂರು ಸಲ ಗುದ್ದಲಿ ಹಾಕಿ ಹಾಲು ಬಿಟ್ಟ. ದಾಸಯ್ಯನ ಆಳುಗಳು ನಡುವಿನ ಗೋಡೆಯನ್ನು ಹಾರೆಯಲ್ಲಿ ಮೀಟಿ ಹತ್ತಡಿ ಬೀಳಿಸಿದರು. ಎಂಟು ವರ್ಷದ ಗೋಡೆ ಕಾಲು ಗಂಟೆಯಲ್ಲಿ ಹೋಯಿತು. ಆಚೆ ನುಗ್ಗೆಮರ, ಒಗೆಯುವ ಕಲ್ಲು, ಹಿತ್ತಲ ಬಾಗಿಲು ಕಂಡವು. ಬಾಗಿಲು ಮುಚ್ಚಿತ್ತು.

ಹತ್ತು ಗಂಟೆಗೆ ಮಿಶಿನ್ನು ಗಾಡಿದಾರಿಯಲ್ಲಿ ಬಂತು. ಅದಕ್ಕಿಂತ ಮುಂಚೆ ಅದರ ಹಿಂದೆ ಓಡಿಬಂದ ಮಕ್ಕಳ ಗದ್ದಲ ಬಂತು. ಕಿಶನ್ ಹೇಳಿದ್ದು ಸುಳ್ಳಾಗಲಿಲ್ಲ. ಡೇರಿ ಕಾರ್ಯದರ್ಶಿ ಬಂದ, ಸ್ಕೂಲಿನ ಮೇಷ್ಟ್ರು ಬಂದರು, ಬೈರಮ್ಮನ ಜೊತೆ ಮಾತು ಬಿಟ್ಟಿದ್ದ ಹೆಂಗಸರೂ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದರು. ಮಿಶಿನ್ನು ಎರಡು ಕಬ್ಬಿಣದ ಕಾಲೂರಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಕೈ ಚಾಚಿತು, ಬಕೆಟ್ಟು ದಿಬ್ಬಕ್ಕೆ ಇಳಿಯಿತು. ಬೂದಿ ಎದ್ದಿತು.

ಚಿಕ್ಕಬೋರಮ್ಮ ಬೆಳಿಗ್ಗೆಯೇ ಬಿಳಿ ಸೀರೆ ಉಟ್ಟು ಗೋಡೆ ಬಿದ್ದ ಜಾಗದ ಈಚೆಗೆ ಒಂದು ಚಪ್ಪಡಿಯ ಮೇಲೆ ಕೂತಿದ್ದಳು. ಮಿಶಿನ್ನಿಗೆ ಬೆನ್ನು ಹಾಕಿ, ಮುಚ್ಚಿದ ಬಾಗಿಲಿನ ಕಡೆಗೆ ಮುಖ ಮಾಡಿದ್ದಳು. ಮಿಶಿನ್ನು ಅತ್ತ ಕಣಜ್ಜಿ ಎಂದು ಯಾರೋ ನಕ್ಕರು. ಬಿಸಿಲು ಏರಿತು. ಬೈರಮ್ಮ ಊಟಕ್ಕೆ ಕರೆದರೆ ಬರಲಿಲ್ಲ. ಎರಡನೆಯ ಸಲ ಬೈರಮ್ಮ ತಟ್ಟೆಯನ್ನೇ ತಂದು, ಬಾಗಿಲನ್ನೂ ಅತ್ತೆಯನ್ನೂ ಒಂದೊಂದು ಸಲ ನೋಡಿದಳು.

"ಇದಕ್ಕಾ ಅತ್ತೆಮ್ಮ?" ಅಂದಳು. ದನಿ ಗಟ್ಟಿ ಮಾಡಲಿಲ್ಲ.

"ಅದಕ್ಕೇ ಕಣವ್ವ."

"ಅಂಗಂತ ಮೊದ್ಲೇ ಯೋಳಿದ್ರೆ ನಾನು ಅಷ್ಟು ಬಾಯಿ ಮಾಡ್ತಿರ್ಲಿಲ್ಲ." ತಟ್ಟೆಯನ್ನು ಚಪ್ಪಡಿಯ ಮೇಲಿಟ್ಟು ಹೋದಳು. ತಿಂದರೋ ಇಲ್ಲವೋ ನೋಡಲು ಎರಡು ಸಲ ಹಿತ್ತಲಿಗೆ ಬಂದು ಹೋದಳು.

ಆ ದಿನ ಬಾಗಿಲು ತೆರೆಯಲಿಲ್ಲ. ದಿಬ್ಬ ಮುಕ್ಕಾಲು ಹೋಗಿತ್ತು. ಮಣ್ಣು ತುಂಬಿಸಿಕೊಂಡ ಗಾಡಿಗಳು ಗದ್ದೆಗೆ ಹೋಗಿಬಂದವು. ಹಗೇವು ಸಿಗಲಿಲ್ಲ. ದೇವರಾಜು ತಾಯಿಯ ಹತ್ತಿರ ಬಂದು, ಎಲ್ಲಿ ಅಂದ. ಇದ್ದಂಗಿತ್ತು ಎಂದಳು ಚಿಕ್ಕಬೋರಮ್ಮ. ಅವನು ಕಾಲು ತೊಳೆದುಕೊಳ್ಳಲು ಹೋದ.

ಎರಡನೆಯ ದಿನ ಜನ ಕಮ್ಮಿ. ಮಧ್ಯಾಹ್ನಕ್ಕೆ ಕೆಲಸ ಮುಗಿಸಿ ಹೊರಡುವುದಾಗಿ ಮಿಶಿನ್ನು ಓಡಿಸುವವನು ಹೇಳಿದ. ಚಿಕ್ಕಬೋರಮ್ಮ ಅದೇ ಚಪ್ಪಡಿಯ ಮೇಲೆ ಬಂದು ಕೂತಳು. ಹನ್ನೊಂದು ಗಂಟೆ ಹೊತ್ತಿಗೆ ದಿಬ್ಬದ ಬುಡದಲ್ಲಿ ಒಂದು ಗುಂಡುಕಲ್ಲು ತಗುಲಿತು. ಎಮ್ಮೆಯಷ್ಟು ದೊಡ್ಡದು, ಅರ್ಧ ನೆಲದೊಳಗಿತ್ತು. ಓಡಿಸುವವನು ಬಕೆಟ್ಟಿನ ಹಲ್ಲನ್ನು ಅದರ ನೆತ್ತಿಗೆ ಸಿಕ್ಕಿಸಿ ಎಳೆದ. ಜಾರಿತು. ಮತ್ತೆ ಎಳೆದ. ಇಂಜಿನ್ನು ಗಂಟಲು ಕಟ್ಟಿದವರ ಹಾಗೆ ನರಳಿತು, ಕರಿಹೊಗೆ ಬಿಟ್ಟಿತು, ಕಬ್ಬಿಣದ ಕಾಲು ನೆಲ ಬಿಟ್ಟು ಎದ್ದು ಧೊಪ್ಪನೆ ಬಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಇದೇ ಆಯಿತು. ಕಿಶನ್ ಗಡಿಯಾರ ನೋಡುತ್ತಿದ್ದ. ದೇವರಾಜು ಗುಂಡಿನ ಪಕ್ಕವೇ ನಿಂತು ಅತ್ತ ಎಳಿ ಇತ್ತ ಎಳಿ ಅನ್ನುತ್ತಿದ್ದ.

ಆಚೆಮನೆಯ ಬಾಗಿಲು ತೆರೆಯಿತು.

ತಿಮ್ಮರಾಜು ಊರುಗೋಲು ಕಂಕುಳಿಗೆ ಕೊಟ್ಟುಕೊಂಡು ಹೊಸಿಲಿನ ಮೇಲೆ ನಿಂತಿದ್ದ. ಗಡ್ಡ ಬಿಟ್ಟಿದ್ದ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದ. ಯಾರ ಕಡೆಗೂ ನೋಡಲಿಲ್ಲ. ಅವನ ಕಣ್ಣು ಮಿಶಿನ್ನಿನ ಮೇಲೆಯೇ ಇತ್ತು.

"ಲೇ, ಅಂಗೆ ಎಳೀಬ್ಯಾಡ್ಲಾ. ಇಂಜಿನ್ ಸಾಯ್ತದೆ," ಎಂದು ಅಲ್ಲಿಂದಲೇ ಕೂಗಿದ. "ನೆತ್ತಿ ಬುಡು. ಬುಡ್ದಾಗೆ ಒಂದ್ಕಡೆ ಮಣ್ಣು ತೆಗಿ ಮೊದ್ಲು."

ಓಡಿಸುವವನು ಕೈ ನಿಲ್ಲಿಸಿ ತಿರುಗಿ ನೋಡಿದ. ತಿಮ್ಮರಾಜು ಹೊಸಿಲು ಇಳಿದ. ಒಂದು ಹೆಜ್ಜೆ, ಊರುಗೋಲು, ಇನ್ನೊಂದು ಹೆಜ್ಜೆ. ಎಮ್ಮೆ ಬಿಚ್ಚುತ್ತಿದ್ದ ದೊಡ್ಡತಾಯಮ್ಮ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟಳು. ಅವನು ನುಗ್ಗೆಮರ ದಾಟಿ, ಗೋಡೆ ಬಿದ್ದ ಜಾಗಕ್ಕೆ ಬಂದು, ಉಳಿದ ಗೋಡೆಗೆ ಕೈಕೊಟ್ಟು ನಿಂತ.

"ಆ ಯಜಮಾನ್ರಿಗೆ ಯೋಳು, ಗುಂಡಿನ್ ಪಕ್ಕದಿಂದ ಆಚೆ ಹೋಗ್ಲಿ. ಉರುಳುದ್ರೆ ಕಾಲ್ಮೇಲೆ ಬತ್ತದೆ."

ಯಜಮಾನರು ಅಂದರೆ ಆರಡಿ ದೂರದಲ್ಲಿ ನಿಂತಿದ್ದ ಅಣ್ಣ. ಓಡಿಸುವವನು ಹೇಳುವುದಕ್ಕೆ ಮುಂಚೆಯೇ ದೇವರಾಜು ಆಚೆ ಹೋದ.

ಬಕೆಟ್ಟು ಗುಂಡಿನ ಎಡಬದಿಗೆ ಇಳಿಯಿತು. ಎರಡು ಬಾಯಿ, ಮೂರು ಬಾಯಿ ಮಣ್ಣು ಬಂತು. ಈಗ ಬಲಗಡೆಯಿಂದ ನೂಕು, ಎತ್ತಬೇಡ, ನೂಕು ಎಂದ ತಿಮ್ಮರಾಜು. ಗುಂಡು ಅಲುಗಿತು, ತೂಕಡಿಸುವವನ ತಲೆಯ ಹಾಗೆ ಒಂದು ಕಡೆಗೆ ವಾಲಿತು, ತೆಗೆದ ಗುಂಡಿಯೊಳಕ್ಕೆ ಉರುಳಿತು. ಅಲ್ಲಿಂದ ಅದನ್ನು ಎತ್ತಿ ಆಚೆಗಿಡಲು ಎರಡು ನಿಮಿಷವೂ ಆಗಲಿಲ್ಲ. ಓಡಿಸುವವನು ಇಂಜಿನ್ನು ಇಳಿಸಿ, ನೀವು ಯಾವ ಗಾಡಿ ಓಡಿಸ್ತಿದ್ರಿ ಸಾರ್ ಎಂದು ಕೇಳಿದ. ಇಂಜಿನ್ನಿನ ಸದ್ದು ತಗ್ಗಿದಾಗ ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳಿ ತಿಮ್ಮರಾಜು ತಿರುಗಿದ.

ಚಿಕ್ಕಬೋರಮ್ಮ ಎದ್ದು ನಿಂತಿದ್ದಳು. ಇಬ್ಬರ ನಡುವೆ ಗೋಡೆಯ ಬುಡ ಇದ್ದ ಜಾಗ ಒಂದು ಗೆರೆಯ ಹಾಗೆ ಕಾಣುತ್ತಿತ್ತು.

ಅವನು ಸುಮಾರು ಹೊತ್ತು ನೋಡಿದ.

"ಆಸ್ಪತ್ರೇಲಿ ನಿಂತಿದ್ದಂಗೇ ನಿಂತಿದ್ದೀಯಲ್ಲ," ಅಂದ.

"ಅ‌ಲ್ಲಿ ನೀನು ಗ್ವಾಡೆ ಕಡೀಕೆ ತಿರುಕ್ಕಂಡಿದ್ದೆ. ಈಗ ಗ್ವಾಡೆ ತೆಗುಸ್ದೆ."

"ಮಿಶಿನ್ ನೋಡಕ್ಕೆ ಬಂದಿದ್ಯಾ?"

"ಊಂ ಕಣ್ಲಾ. ಮಿಶಿನ್ ನೋಡಕ್ಕೆ."

ಅವನು ಊರುಗೋಲನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. ಎಷ್ಟು ಗಂಟೆಯಿಂದ ಕೂತಿದ್ದೀಯ ಎಂದು ಕೇಳಿದ. ನಿನ್ನೆಯಿಂದ ಅಂದಳು. ದೊಡ್ಡತಾಯಮ್ಮ ಎಮ್ಮೆಯ ಹಗ್ಗವನ್ನು ಗೂಟಕ್ಕೆ ಕಟ್ಟಿ, ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗಂಡನ ಹಿಂದೆ ಇಟ್ಟಳು. ಅವನು ಕೂತ. ಚಿಕ್ಕಬೋರಮ್ಮ ಚಪ್ಪಡಿಯ ಮೇಲೆ ಕೂತಳು. ಮಿಶಿನ್ನು ಹೋಗುವವರೆಗೆ ಇಬ್ಬರೂ ಅದನ್ನು ನೋಡುತ್ತಾ ಕೂತಿದ್ದರು.

ಮುಂದಿನ ವಾರ ದಾಸಯ್ಯನ ಆಳುಗಳು ಪಾಯ ತೆಗೆದು ಮೊದಲ ಕಲ್ಲು ಕೂರಿಸಿದರು. ಆಷಾಢಕ್ಕೆ ಇನ್ನೂ ಹತ್ತು ದಿನ ಇತ್ತು. ಕುರ್ಚಿ ದಿನಾ ಬೆಳಿಗ್ಗೆ ಆಚೆ ಬರುತ್ತಿತ್ತು. ತಾಯಿ ಮಗನ ಮಾತು ದೊಡ್ಡದೇನಲ್ಲ. ಯಾವ ಮಾತ್ರೆ ನುಂಗುತ್ತೀಯ, ಮೊಸರು ಹುಳಿಯಾಗಿದೆಯಾ, ಟ್ರಾಕ್ಟರು ಕೊಂಡವನು ಯಾರು. ಕೊಂಡವನು ಕೆ.ಆರ್. ಪೇಟೆಯವನಂತೆ, ಆಯಿಲ್ ಬದಲಾಯಿಸುವುದಿಲ್ಲವಂತೆ. ಒಡವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಜ್ಜಿ ಆ ಕಡೆಗೆ ಕಾಲಿಡಲಿಲ್ಲ, ಮಗನೂ ಬಾ ಅನ್ನಲಿಲ್ಲ. ಮೂರನೆಯ ದಿನ ಬೈರಮ್ಮ ಹುರುಳಿಕಾಳಿನ ಬಸ್ಸಾರನ್ನು ಎರಡು ಬಟ್ಟಲಿಗೆ ಬಿಟ್ಟು ಒಂದನ್ನು ಪವಿತ್ರಳ ಕೈಗೆ ಕೊಟ್ಟಳು, ಯಾರಿಗೆ ಎಂದು ಹೇಳಲಿಲ್ಲ.

ಮಿಶಿನ್ನು ಹೋದ ಏಳನೆಯ ದಿನ ದೊಡ್ಡತಾಯಮ್ಮ ದಾಸಯ್ಯನ ಕೈಲಿ ಹೇಳಿ ಕಳಿಸಿದಳು, ಎಂಟು ದಿನ ಅಂದಿದ್ದರು. ದೇವರಾಜು ಇಟ್ಟಿಗೆ ತರಿಸಿದ, ಗಾರೆಯವನನ್ನು ಕರೆಸಿದ. ಕೊಟ್ಟ ಮಾತು ಕೊಟ್ಟ ಮಾತೇ ಎಂದು ಮನೆಯಲ್ಲಿ ಯಾರೂ ಕೇಳದಿದ್ದರೂ ಹೇಳಿದ.

ಎಂಟನೆಯ ದಿನ ಗೋಡೆ ಏಳತೊಡಗಿತು. ಕುರ್ಚಿ ಆಚೆ, ಚಪ್ಪಡಿ ಈಚೆ, ನಡುವೆ ಗಾರೆಯವನು. ಮೊದಲ ನಾಲ್ಕು ವರಸೆ ಇಟ್ಟಿಗೆಯಲ್ಲಿ ತಿಮ್ಮರಾಜುವಿನ ಪಾದ ಮರೆಯಾಯಿತು. ಹತ್ತು ವರಸೆಗೆ ಚಿಕ್ಕಬೋರಮ್ಮನಿಗೆ ಕೂತರೆ ಕಾಣದಂತಾಯಿತು. ಎದ್ದು ನಿಂತಳು. ಹದಿನಾಲ್ಕು ವರಸೆಗೆ ಆಕೆಯ ಗದ್ದದ ಮಟ್ಟಕ್ಕೆ ಬಂತು. ಆಕೆ ಗೋಡೆಯನ್ನು ಹಿಡಿದುಕೊಳ್ಳಲು ಹೋಗಿ, ಹಸಿ ಗಾರೆ ಬೆರಳಿಗೆ ಮೆತ್ತಿಕೊಂಡು, ಕೈ ತೆಗೆದಳು. ಆಚೆಯಿಂದ ತಿಮ್ಮರಾಜು, ನಿಂತ್ಕಂಡೇ ಇದ್ದೀಯಾ ಅವ್ವ, ಕೂತ್ಕೊ ಅಂದ. ಕೂತರೆ ಕಾಣುವುದಿಲ್ಲ ಎಂದು ಆಕೆ ಹೇಳಲಿಲ್ಲ. ನಿಂತೇ ಇದ್ದಳು.

ಗಾರೆಯವನು ಹದಿನೈದನೆಯ ವರಸೆಗೆ ಗಾರೆ ಹಾಸಿದ.

"ಇಷ್ಟಕ್ಕೇ ನಿಲ್ಸು," ಅಂದ ದೇವರಾಜು.

ಆಚೆ ನುಗ್ಗೆಮರದ ಕೆಳಗೆ ಬಟ್ಟೆ ಒಗೆಯುತ್ತಿದ್ದ ದೊಡ್ಡತಾಯಮ್ಮ ಸೊಂಟ ನೆಟ್ಟಗೆ ಮಾಡಿದಳು. ಎಂಟು ವರ್ಷದಲ್ಲಿ ಮೊದಲ ಸಲ ನಡುವೆ ಯಾರನ್ನೂ ಇಟ್ಟುಕೊಳ್ಳದೆ ಮಾತಾಡಿದಳು.

"ಇದ್ದಷ್ಟೇ ಎತ್ರ ಅಂತ ಮಾತು ಕೊಟ್ಟಿದ್ರಿ ಬಾವ."

"ಕೊಟ್ಟಿದ್ದೆ ಕಣವ್ವ. ಇಟ್ಟಿಗೆ ಸಾಲ್ದೋಯ್ತು."

ಅವನ ಬೆನ್ನ ಹಿಂದೆ ಇಟ್ಟಿಗೆಯ ರಾಶಿ ಮೊಣಕಾಲುದ್ದ ಇತ್ತು. ಗೋಡೆ ಗಿಡ್ಡವಾದ್ದರಿಂದ ದೊಡ್ಡತಾಯಮ್ಮ ನಿಂತಲ್ಲಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಅವಳು ರಾಶಿಯನ್ನು ನೋಡಿದಳು. ಗೋಡೆಯ ಈಚೆ ಬರೀ ತಲೆ ಕಾಣುವಂತೆ ನಿಂತಿದ್ದ ಅತ್ತೆಯನ್ನು ನೋಡಿದಳು. ಕುರ್ಚಿಯಲ್ಲಿ ಕೂತಿದ್ದ ಗಂಡನನ್ನು ನೋಡಿದಳು.

"ಸಾಲ್ದಿದ್ರೆ ಬುಡಿ," ಎಂದು ಬಟ್ಟೆಗೆ ಬಗ್ಗಿದಳು.

ಗಾರೆಯವನು ಕರಣೆ ತೊಳೆಯಲು ಬಕೆಟ್ಟಿನ ಕಡೆಗೆ ತಿರುಗಿದ. ಚಿಕ್ಕಬೋರಮ್ಮ ಅವನ ತೋಳು ಹಿಡಿದಳು.

"ನಂಗೆ ಇದೂ ಎತ್ರ ಕಣಪ್ಪ. ಐದು ವರ್ಸೆ ತೆಗಿ."

ಗಾರೆಯವನು ದೇವರಾಜುವಿನ ಮುಖ ನೋಡಿದ. ದೇವರಾಜು ಹಿತ್ತಲ ಆ ಕಡೆಗೆ ಹೋಗಿ ಪಾಯದ ಕಲ್ಲಿನ ಮೇಲೆ ನೀರು ಹಾಕುತ್ತಿದ್ದ; ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಗಾರೆ ಇನ್ನೂ ಹಸಿಯಾಗಿತ್ತು. ಗಾರೆಯವನು ಮೇಲಿನ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಅಲುಗಿಸಿ ಎತ್ತಿ, ಕರಣೆಯಲ್ಲಿ ಕೆರೆದು, ಪಕ್ಕಕ್ಕಿಟ್ಟ.